ತಗಡು ಎತ್ತಿದವರು

ವರ್ಲಿನ್ ಸ್ಟಾಟ್ ಈ ಲೋಕದಲ್ಲಿ ಆಸೆಪಟ್ಟದ್ದು ಒಂದೇ ಒಂದು ಕಿಟಕಿಗೆ.

ಅದು ಸಭಾಮಂದಿರದ ಹಜಾರದಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದಲ್ಲಿತ್ತು. ಅದರ ಹಿಂದೆ ಬಟ್ಟೆ ಬೀರುವಿನಷ್ಟು ಅಗಲದ ಒಂದು ಕೋಣೆ. ಹೆಸರು ಮಾತ್ರ ಲೈಬ್ರರಿ. ಭಾನುವಾರ ಅಲ್ಲಿ ಕೂತವರ ಕೆಲಸ ಇಷ್ಟೇ: ಕೇಳಿದವರಿಗೆ ಸೀಮೆಸುಣ್ಣ ಕೊಡುವುದು, ಡಸ್ಟರ್ ಕೊಡುವುದು, ಆಮೇಲೆ ಕಿಟಕಿ ಎಳೆದುಕೊಂಡು ಕಣ್ಣು ಮುಚ್ಚುವುದು. ಸ್ವರ್ಗಕ್ಕೆ ಹೋದರೂ ಇದಕ್ಕಿಂತ ಒಳ್ಳೆಯ ಕುರ್ಚಿ ಸಿಗುವುದು ಅನುಮಾನ ಎಂದು ವರ್ಲಿನ್ ಗಟ್ಟಿಯಾಗಿ ನಂಬಿದ್ದ.

ಆದರೆ ಮಾರ್ಮನ್ ಎಂಬ ಅಮೆರಿಕದ ಆ ಕ್ರೈಸ್ತ ಪಂಥದ ಸಭೆಯಲ್ಲಿ ಸಂಬಳದ ಪಾದ್ರಿ ಇಲ್ಲ. ಬಿಷಪ್ಪರು ಯಾರನ್ನು ಯಾವ ಕೆಲಸಕ್ಕೆ ಕರೆಯುತ್ತಾರೋ ಅವರು ಅದನ್ನು ಮಾಡಬೇಕು. ಒಲ್ಲೆ ಅನ್ನುವ ರೂಢಿಯೂ ಇಲ್ಲ. ಅಲ್ಲಿ ಗಂಡಸರೆಲ್ಲ ಬ್ರದರ್, ಹೆಂಗಸರೆಲ್ಲ ಸಿಸ್ಟರ್. ವರ್ಲಿನ್‌ಗೆ ಬಂದದ್ದು ದೊಡ್ಡವರ ಭಾನುವಾರದ ತರಗತಿಯ ಮೇಷ್ಟರಗಿರಿ. ಅವನೋ ತಗಡಿನ ಕೆಲಸದವನು. ಕಣಿವೆಯ ಅರ್ಧ ಮನೆಗಳಿಗೆ ಬಿಸಿಗಾಳಿಯ ಕೊಳವೆ ಮಡಿಸಿಕೊಟ್ಟವನು. ತಗಡು ಹೇಳಿದಂತೆ ಮಡಿಯುತ್ತದೆ. ಆ ತರಗತಿಯ ಹಿರಿಯರು ಯಾವ ಅರ್ಥದಲ್ಲೂ ಮಡಿಯುವವರಲ್ಲ.

ಅದರಲ್ಲೂ ಇಬ್ಬರು. ಮೊದಲ ಸಾಲಿನ ಬಲತುದಿಯಲ್ಲಿ ರೂಲನ್ ಟೇಟ್, ಹೈಸ್ಕೂಲು ಹುಡುಗರಿಗೆ ಧರ್ಮಗ್ರಂಥ ಕಲಿಸಿ ನಿವೃತ್ತರಾದವರು. ‘ಉಪ್ಪು ಕೊಡಿ’ ಅನ್ನುವುದನ್ನೂ ಪ್ರಾರ್ಥನೆಯ ರಾಗದಲ್ಲೇ ಹೇಳುವವರು. ಎಡತುದಿಯಲ್ಲಿ ಅರ್ಡನ್, ವರ್ಲಿನ್ನನ ಹೆಂಡತಿ ನೆಡ್ರಾಳ ತಮ್ಮ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವನು. ಅರ್ಡನ್ ನಂಬಿಕೆ ಬಿಟ್ಟು ಮೂವತ್ತು ವರ್ಷವಾಗಿತ್ತು. ಕುರ್ಚಿ ಬಿಟ್ಟಿರಲಿಲ್ಲ. ಅಕ್ಕನ ಮನೆಯ ಭಾನುವಾರದ ಊಟ ಸಭೆಗೆ ಬಂದವರಿಗೆ ಮಾತ್ರ.

ಹೋದ ವಾರ ಕುದುರೆಯ ಮೇಲೆ ಜಗಳವಾಗಿತ್ತು. ಮಾರ್ಮನ್ನರ ಪವಿತ್ರ ಗ್ರಂಥದಲ್ಲಿ ಪುರಾತನ ಅಮೆರಿಕದ ಕುದುರೆಗಳ ಮಾತು ಬರುತ್ತದಲ್ಲ, ಅವುಗಳ ಮೂಳೆ ಎಲ್ಲಿ ಎಂದು ಅರ್ಡನ್ ಕೇಳಿದ. ಕುದುರೆ ಅಂದರೆ ಕುದುರೆಯೇ ಆಗಬೇಕಿಲ್ಲ, ಟೇಪಿರ್ ಎಂಬ ಕಾಡುಪ್ರಾಣಿಯೂ ಆಗಿರಬಹುದು ಎಂದರು ಟೇಟ್. “ಆ ಸೊಂಡಿಲಿನ ಹಂದಿಗೆ ಜೀನು ಹಾಕಿ ಹತ್ತಿ ತೋರಿಸಿ, ಮುಂದಿನ ಸಾಲಲ್ಲೇ ದೀಕ್ಷೆ ತಗೋತೀನಿ” ಎಂದ ಅರ್ಡನ್. ಟೇಟ್ ಊರುಗೋಲು ಎತ್ತಿದರು.

ಬಿಷಪ್ ಹಾಲ್ವರ್ಸನ್ನರು ವರ್ಲಿನ್‌ಗೆ ಹೇಳಿಕಳಿಸಿದರು. ವಾರವೆಲ್ಲ ಅವರು ಟರ್ಕಿ ಕೋಳಿ ಸಾಕುವವರು. ಜಗಳ ಬಿಡಿಸುವ ಅನುಭವ ಇತ್ತು.

“ನೋಡು ವರ್ಲಿನ್, ಲೈಬ್ರರಿಯ ಸಿಸ್ಟರ್ ಆರ್ವಿಲ್ಲಾ ಮಗಳ ಮನೆಗೆ ಹೊರಟ್ರು. ಕಿಟಕಿ ಖಾಲಿ ಆಗ್ತಿದೆ. ಈ ಭಾನುವಾರ ಜಗಳ ಇಲ್ದೆ ಒಂದೇ ಒಂದು ಪಾಠ ಮುಗಿಸು. ಬೀಗದಕೈ ನಿಂದು.”

“ಈ ವಾರದ ಪಾಠ ಯಾವ್ದು ಬಿಷಪ್?”

“ಚಿನ್ನದ ತಗಡು.”

ಆ ಗ್ರಂಥವನ್ನೇ ಕೆತ್ತಿದ್ದ, ದೇವದೂತ ತೋರಿದ ಜಾಗದಲ್ಲಿ ಪ್ರವಾದಿ ಅಗೆದು ತೆಗೆದ, ಅನುವಾದ ಮುಗಿದ ಮೇಲೆ ದೇವದೂತ ವಾಪಸು ಒಯ್ದ, ಕೆಲವೇ ಸಾಕ್ಷಿಗಳು ಕಂಡು ಸಹಿ ಹಾಕಿದ ಆ ಚಿನ್ನದ ತಗಡುಗಳು! ಕುದುರೆಗೇ ಕೋಲು ಎದ್ದಿದ್ದರೆ ಇದಕ್ಕೆ ಕೋವಿಯೇ ಏಳಬಹುದು.

ಆದರೆ ಶನಿವಾರ ಅಂಗಡಿಯಲ್ಲಿ ಕೂತಾಗ ಅವನಿಗೆ ಒಂದು ಉಪಾಯ ಹೊಳೆಯಿತು. “ಕೈಯಲ್ಲಿ ಏನಾದ್ರೂ ಹಿಡ್ಕೊಂಡಿದ್ರೆ ಬಾಯಿ ಸುಮ್ನಿರುತ್ತೆ ನೆಡ್ರಾ. ತಗಡಿನ ಮಾದರಿ ಮಾಡ್ತೀನಿ. ಎಲ್ಲರೂ ಎತ್ತಿ ನೋಡ್ಲಿ.”

“ನನ್ನ ತಮ್ಮನ ಬಾಯಿ ತುತ್ತು ಇಟ್ರೂ ಸುಮ್ನಿರಲ್ಲ” ಎಂದಳು ನೆಡ್ರಾ.

ವರ್ಲಿನ್ ಕೇಳಲಿಲ್ಲ. ತಗಡು ಕತ್ತರಿಸಿ, ದಪ್ಪ ಪುಸ್ತಕದ ಆಕಾರಕ್ಕೆ ಮಡಿಸಿ, ಅಂಚಿಗೆ ಮೂರು ಬಳೆ ಹಾಕಿ, ಹೊನ್ನಿನ ಬಣ್ಣ ಬಳಿದ. ತೂಕ ಬರಲೆಂದು ಮೂಲೆಯಲ್ಲಿದ್ದ ಸೀಸದ ಚೂರುಗಳನ್ನು ಹೊಟ್ಟೆಗೆ ತುಂಬಿ ಬೆಸುಗೆ ಹಾಕಿದ. ಎಷ್ಟು ತೂಕ? ಸೀಸ ಇದ್ದಷ್ಟು. ತೂಗುವ ಯೋಚನೆ ಅವನಿಗೂ ಬರಲಿಲ್ಲ, ತಗಡಿಗೂ ಬರಲಿಲ್ಲ.

ಭಾನುವಾರ ಬಂತು. ತಿಂಗಳ ಮೊದಲ ಭಾನುವಾರ, ಅಂದರೆ ಉಪವಾಸ. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದ ಹೊಟ್ಟೆಗಳು ಕುರ್ಚಿಗಳ ಮೇಲೆ ಸಾಲಾಗಿ ಕೂತು ಗುರುಗುಟ್ಟುತ್ತಿದ್ದವು. ವರ್ಲಿನ್ ತಗಡನ್ನು ಮೊದಲ ಸಾಲಿಗೆ ಕೊಟ್ಟ. ಟೇಟ್ ಎತ್ತಿದರು. ಅರ್ಡನ್ ಎತ್ತಿದ. ಅದು ಮಡಿಲಿಂದ ಮಡಿಲಿಗೆ ಮದುವೆ ಮನೆಯ ಕೂಸಿನ ಹಾಗೆ ಸಾಗಿತು. ಯಾರೂ ಮಾತಾಡಲಿಲ್ಲ. ವರ್ಲಿನ್‌ಗೆ ಕಿಟಕಿ ಕಣ್ಣೆದುರು ಬಂತು. ಅದರೊಳಗೆ ಒಂದು ಮೆತ್ತನೆ ದಿಂಬೂ ಕಂಡಿತು.

“ಭಾವ, ಇದರೊಳಗೆ ಸೀಸ ತಾನೆ?” ಎಂದ ಅರ್ಡನ್.

ದಿಂಬು ಮಾಯವಾಯಿತು.

“ಚಿನ್ನ ಆಗಿದ್ರೆ ಇದಕ್ಕಿಂತ ಎಷ್ಟೋ ಭಾರ. ಅದನ್ನ ಕಂಕುಳಲ್ಲಿ ಇಟ್ಕೊಂಡು ಪ್ರವಾದಿ ಕಾಡಲ್ಲಿ ಓಡಿದ್ರಂತೆ, ಅಡ್ಡ ಬಂದವರನ್ನ ಒಂದೇ ಕೈಯಲ್ಲಿ ಕೆಡವಿದ್ರಂತೆ! ಅದು ಬಿಡಿ. ಈ ಸೀಸದ್ದನ್ನೇ ಹೊತ್ತು ಯಾರಾದ್ರೂ ಈ ಮಂದಿರ ಸುತ್ತಲಿ ನೋಡೋಣ.”

“ಅಪ್ಪಟ ಚಿನ್ನ ಅಂತ ಯಾ...ರು ಹೇಳಿದ್ದು, ಪ್ರೀತಿಯ ಸಹೋದರಾ?” ಟೇಟ್ ರಾಗ ಎಳೆದರು. “ತಾಮ್ರ ಬೆರೆತದ್ದು. ಪ್ರವಾದಿಯದು ಹೊಲ ಉತ್ತ ತೋಳು. ಓಡಬಹುದು!”

“ಯಾರು, ನೀವು ಓಡ್ತೀರಾ?”

“ನನಗೆ ಮಂಡಿನೋವು. ಮೇಷ್ಟ್ರು ಓಡ್ತಾರೆ!”

“ಹೌದು, ಮೇಷ್ಟ್ರು ಓಡ್ಲಿ!” ಎಂದ ಅರ್ಡನ್. ಆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಆ ತರಗತಿ ಶುರುವಾದ ಮೇಲೆ ಅದೇ ಮೊದಲು.

ಒಪ್ಪಿಗೆ ಅಂದರೆ ಒಪ್ಪಿಗೆ. ಜಗಳವಂತೂ ಅಲ್ಲವಲ್ಲ ಎಂದು ವರ್ಲಿನ್ ಧೈರ್ಯ ತಂದುಕೊಂಡ. ತರಗತಿಯೆಲ್ಲ ಹುಲ್ಲಿನ ಮೇಲೆ ಬಂದು ನಿಂತಿತು. ಅವನು ಕೋಟು, ಟೈ ಸಮೇತ ತಗಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಟೇಟ್‌ಗೆ ನ್ಯಾಯದ ನೆನಪಾಯಿತು. “ಅಡ್ಡಗಟ್ಟೋಕೆ ಒಬ್ಬರಾದ್ರೂ ಬೇಕು. ಇಲ್ಲದಿದ್ರೆ ಪರೀಕ್ಷೆ ಪೂರ್ತಿ ಆಗಲ್ಲ.”

ವಿಧವೆ ಸಿಸ್ಟರ್ ಲರೂ ಕೈಚೀಲ ಎತ್ತಿಕೊಂಡು ತಾವಾಗಿಯೇ ಮುಂದೆ ಬಂದರು.

“ಮೆಲ್ಲಗೆ ಹೊಡೀರಿ ಸಿಸ್ಟರ್” ಎಂದ ವರ್ಲಿನ್.

“ಪ್ರಯತ್ನ ಮಾಡ್ತೀನಪ್ಪ” ಎಂದು ಅವರು ಮೂಲೆಯ ಲೈಲಾಕ್ ಪೊದೆಯ ಹಿಂದೆ ಅಡಗಿದರು.

ವರ್ಲಿನ್ ಓಡಿದ. ಖಾಲಿ ಹೊಟ್ಟೆ, ತುಂಬಿದ ತಗಡು. ಕುಂಟು ಟರ್ಕಿಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತಾ ಪಾರ್ಕಿಂಗ್ ದಾಟಿದ, ಮೂಲೆ ತಿರುಗಿದ. ಪೊದೆ ಅಲುಗಿತು. ಕೈಚೀಲ ಕಿವಿಗೆ ಬಿತ್ತು. ಅದರೊಳಗೆ ಏನಿತ್ತೋ, ಅದಕ್ಕೂ ಯಾರೋ ಸೀಸ ತುಂಬಿದಂತಿತ್ತು. ಮುಂದಿನ ಕ್ಷಣ ವರ್ಲಿನ್ ಹೊಲಕ್ಕೆ ನೀರು ಹಾಯುವ ಕಾಲುವೆಯಲ್ಲಿದ್ದ. ಎದುರಿನ ಕಿಟಕಿಯಲ್ಲಿ ನೆಡ್ರಾ ಪುಟ್ಟ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು.

“ಸಿಸ್ಟರ್ ಸ್ಟಾಟ್,” ಎಂದು ಒಂದು ಮಗು ಕೂಗಿತು, “ನಿಮ್ಮ ಗಂಡ ಬಾತುಕೋಳಿ ಆಟ ಆಡ್ತಿದಾರೆ!”

ವರ್ಲಿನ್ನನನ್ನು ಎಳೆದು ದಡಕ್ಕೆ ಹಾಕಿದರು. ತಗಡು ಸಿಗಲಿಲ್ಲ. ನೀರು ಹರಿದ ಕಡೆಗೆಲ್ಲ ಜನ ಹುಡುಕುತ್ತಾ ಹೋದರು. ಹುಡುಕುತ್ತಲೇ ವಾದವೂ ಹರಿಯಿತು.

“ಓಡಿದ್ದಂತೂ ನಿಜ! ನಾನು ಹೇಳಿರಲಿಲ್ವಾ?” ಎಂದರು ಟೇಟ್.

“ಬಿದ್ದದ್ದಂತೂ ನಿಜ! ನಾನು ಹೇಳಿರಲಿಲ್ವಾ?” ಎಂದ ಅರ್ಡನ್.

ಆ ಹೊತ್ತಿಗೆ ಬಿಷಪ್ಪರು ಬಂದರು. ಜೊತೆಗೆ ಗಾಯನ ಮಂಡಳಿಯ ವೆಂಡೆಲ್. ವೆಂಡೆಲ್‌ನ ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು.

“ಏನಿದು ವರ್ಲಿನ್?”

“ತಗಡು, ಬಿಷಪ್.”

“ಎಲ್ಲಿದೆ?”

“ಈಗ ಇಲ್ಲ.”

“ನಾನು ಆಚೆ ಕಿಟಕಿಯಿಂದ ನೋಡಿದೆ ಬಿಷಪ್” ಎಂದ ವೆಂಡೆಲ್. “ಕಂಕುಳಲ್ಲಿ ಊಟದ ಡಬ್ಬಿ ಇತ್ತು. ಉಪವಾಸದ ದಿನ ಕಾಲುವೆ ದಂಡೆಗೆ ಕದ್ದು ಓಡ್ತಿದ್ದ. ಪಾಪ, ಸಿಸ್ಟರ್ ಲರೂ ತಡೆದ್ರು.”

ವರ್ಲಿನ್ನನ ಹೊಟ್ಟೆ ಅದೇ ಗಳಿಗೆಯಲ್ಲಿ ಗೊರ್ರೆಂದು ತಪ್ಪೊಪ್ಪಿಕೊಂಡಂತೆ ಸದ್ದು ಮಾಡಿತು.

“ಡಬ್ಬಿ ಅಲ್ಲ, ತಗಡು! ಎಲ್ಲರೂ ಎತ್ತಿದಾರೆ, ಕೇಳಿ!” ಎಂದು ಅವನು ಅಳುದನಿಯಲ್ಲಿ ಹೇಳಿದ.

ಬಿಷಪ್ಪರು ಕೇಳಿದರು. ಹೊಲಿಗೆ ಯಂತ್ರದಷ್ಟು ಭಾರ ಎಂದ ಒಬ್ಬ. ಇಲ್ಲ, ಈಗ ತಾನೆ ಹುಟ್ಟಿದ ಕರುವಿನಷ್ಟು ಎಂದ ಇನ್ನೊಬ್ಬ. ಬಳೆ ಎರಡು, ಬಳೆ ಮೂರು, ಬಳೆಯೇ ಇಲ್ಲ. ಬಣ್ಣ ಹಳದಿ, ಅಲ್ಲ ಕಂದು. ಸಿಸ್ಟರ್ ಲರೂ ತಾವು ಕಿವಿಯೊಂದನ್ನು ಬಿಟ್ಟು ಬೇರೇನೂ ನೋಡಲಿಲ್ಲ ಎಂದರು.

“ಒಬ್ಬೊಬ್ಬರ ಸಾಕ್ಷಿ ಒಂದೊಂದು ಥರ. ವಸ್ತುನೇ ಇಲ್ಲ” ಎಂದು ವೆಂಡೆಲ್ ನಕ್ಕ. “ಹೇಗೆ ನಂಬೋದು?”

“ನಾನು ಎತ್ತಿದೀನಿ ಕಣ್ರೀ!” ಎಂದು ಅರ್ಡನ್ ಸಿಡಿದ. “ನಾನು ವಿಜ್ಞಾನದವನು, ಸುಳ್ಳು ಹೇಳ್ತೀನಾ?”

“ನೋಡಬೇಕು ಅಂತ ಆಸೆ ಇದ್ದವರಿಗೆ ಏನು ಬೇಕಾದ್ರೂ ಕಾಣುತ್ತೆ ಬ್ರದರ್. ಮೂವತ್ತು ವರ್ಷದಿಂದ ನೀವೇ ಹೇಳ್ತಾ ಬಂದಿರೋದು.”

ಅರ್ಡನ್ನನ ಮೂಗು ಟರ್ಕಿಯ ಗಂಟಲಚೀಲದ ಕೆಂಪಿಗೆ ತಿರುಗಿತು.

ಮುಂದಿನದು ಎಲ್ಲರೂ ಕೂಡುವ ಸಾಕ್ಷಿ ಸಭೆ. ಆವತ್ತು ಉಪದೇಶ ಇಲ್ಲ. ಮನಸ್ಸು ಬಂದವರು ವೇದಿಕೆಗೆ ಹೋಗಿ ತಮಗೆ ಖಚಿತವಿದ್ದದ್ದನ್ನು ಹೇಳಬಹುದು. ವರ್ಲಿನ್ ಹಿಂದಿನ ಬೆಂಚಿನಲ್ಲಿ ನೀರು ತೊಟ್ಟಿಕ್ಕಿಸುತ್ತಾ ಕೂತ. ‘ಊಟದ ಡಬ್ಬಿ’ ಎಂಬ ಪಿಸುಮಾತು ಬೆಂಚಿಂದ ಬೆಂಚಿಗೆ ಹಾಯುತ್ತಿತ್ತು. ಒಳಗೆ ಹಂದಿಮಾಂಸವಿತ್ತು ಎಂಬಲ್ಲಿಗೆ ಅದು ಮೂರನೇ ಸಾಲು ಮುಟ್ಟುವ ಹೊತ್ತಿಗೇ ಬೆಳೆದಿತ್ತು.

ಆಗ ಅರ್ಡನ್ ಎದ್ದ. ಮೂವತ್ತು ವರ್ಷ ಆ ಮೆಟ್ಟಿಲನ್ನು ಮುಟ್ಟದ ಬೂಟು ದಬದಬನೆ ಮೇಲೇರಿ ಮೈಕಿನ ಮುಂದೆ ನಿಂತಿತು.

“ಆ ತಗಡು ಇತ್ತು!” ಎಂದ ಅರ್ಡನ್, ಮೇಜು ಗುದ್ದಿ. “ಈ ಕಣ್ಣಿಂದ ಕಂಡೆ. ಈ ಕೈಯಿಂದ ಎತ್ತಿದೆ. ಒಂದು ಕೈಯಲ್ಲಿ ಆಗಲೇ ಇಲ್ಲ. ಎಂಬತ್ತು ಪೌಂಡಿಗೆ ಒಂದು ಗುಲಗಂಜಿನೂ ಕಮ್ಮಿ ಇಲ್ಲ, ಬರೆದಿಟ್ಕೊಳ್ಳಿ! ಸಾಕ್ಷಿಗಳು ಬಣ್ಣದಲ್ಲಿ ಅಷ್ಟಿಷ್ಟು ವ್ಯತ್ಯಾಸ ಹೇಳಿದ್ರೆ ಏನಾಯ್ತು? ಈಗ ತೋರಿಸೋಕೆ ಆಗಲ್ಲ ಅಂದ ಮಾತ್ರಕ್ಕೆ ಇರಲೇ ಇಲ್ಲ ಅನ್ನೋದು ಯಾವ ನ್ಯಾಯ?”

“ಆಮೆನ್!” ಎಂದು ಗದ್ಗದಿಸಿದರು ಟೇಟ್. ಅದರಲ್ಲಿ ರಾಗವೇ ಇರಲಿಲ್ಲ.

ತಾನು ಏನು ಹೇಳಿದೆ ಎಂಬುದು ಅರ್ಡನ್‌ಗೆ ಇಳಿಯುವ ಮೆಟ್ಟಿಲ ಮೇಲೆ ಹೊಳೆಯಿತು. ತಡವಾಗಿತ್ತು. ಟೇಟ್ ಊರುಗೋಲು ಬಿಸಾಡಿ ಅವನನ್ನು ತಬ್ಬಿಕೊಂಡಿದ್ದರು. ಇಡೀ ಸಭೆ ಮೂಗು ಒರೆಸಿಕೊಳ್ಳುತ್ತಿತ್ತು.

ವರ್ಲಿನ್ನನ ಎದೆ ಉಬ್ಬಿತು. ಮಾನ ಉಳಿಯಿತು, ಜಗಳ ಮುಗಿಯಿತು. ಇನ್ನು ಕಿಟಕಿಯೊಂದೇ ಬಾಕಿ.

ಬಿಷಪ್ಪರು ಒದ್ದೆ ಕಣ್ಣಲ್ಲಿ ಮೈಕಿಗೆ ಬಂದರು. “ಸಾಮಾನ್ಯವಾಗಿ ಹೀಗೆ ಮಾಡಲ್ಲ. ಆದರೆ ಮನೆಗೆ ಮರಳಿದ ಸಹೋದರನಿಗೆ ಇವತ್ತೇ ಒಂದು ಸೇವೆ ಕೊಡಬೇಕು ಅನ್ನಿಸ್ತಿದೆ. ಬ್ರದರ್ ಅರ್ಡನ್ ನಮ್ಮ ಹೊಸ ಲೈಬ್ರರಿಯನ್. ಒಪ್ಪೋರು ಬಲಗೈ ಎತ್ತಿ.”

ಕೈಗಳ ಕಾಡು ಎದ್ದಿತು. ಇಂಥ ಮಾತಿಗೆ ಕೈ ಎತ್ತದೆ ಕೂತವರನ್ನು ಆ ಮಂದಿರ ಕಂಡಿರಲಿಲ್ಲ. ಚಿಕ್ಕಂದಿನ ರೂಢಿಯಿಂದ ವರ್ಲಿನ್ನನ ಬಲಗೈಯೂ, ತಗಡು ಹೊತ್ತು ಜೋತುಬಿದ್ದದ್ದು, ತನ್ನಷ್ಟಕ್ಕೆ ಮೇಲೆದ್ದಿತು. ಬೇಡ ಬೇಡ ಎಂದು ಎಡಗೈ ಅದನ್ನು ಎಳೆಯುವಷ್ಟರಲ್ಲಿ ಬಿಷಪ್ಪರು ಎಣಿಸಿಯೂ ಆಗಿತ್ತು.

“ಇನ್ನು ಬ್ರದರ್ ಸ್ಟಾಟ್. ಇಂಥ ಮೇಷ್ಟ್ರನ್ನ ಬಿಡೋಕಾಗುತ್ತಾ? ಮುಂದಿನ ವಾರದಿಂದ ಪಕ್ಕದ ಸಭೆಯ ದೊಡ್ಡವರ ತರಗತಿಯೂ ಇವರದೇ. ಅಲ್ಲೂ ಸ್ವಲ್ಪ ಜಗಳ ಇದೆಯಂತೆ.”

ಸಭೆ ಮುಗಿದು ಸ್ವಲ್ಪ ಹೊತ್ತಿಗೆ ಹಜಾರದಲ್ಲಿ ನೆಡ್ರಾ ಅವನ ಒದ್ದೆ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ನಿಮ್ಮ ತಗಡು ಸಿಕ್ತು ಕಣ್ರೀ, ಸಭೆ ಮುಗಿದ ಕೂಡಲೇ ಹೋಗಿ ನೋಡಿದೆ. ಎಲ್ಲರೂ ನೀರು ಹೋದ ಕಡೆ ಹುಡುಕಿದ್ರು. ಸೀಸ ಈಜುತ್ತಾ? ಬಿದ್ದಲ್ಲೇ ಬಿದ್ದಿತ್ತು.”

ವರ್ಲಿನ್ನನ ಕಣ್ಣು ಹೊಳೆಯಿತು. ತಗಡು ಹೊರಗೆ ಬಂದರೆ ತಕ್ಕಡಿಗೆ ಏರುತ್ತದೆ. ತಕ್ಕಡಿಗೆ ಏರಿದರೆ ಜಗಳ ಏಳುತ್ತದೆ. ಜಗಳ ಎದ್ದರೆ ಮೇಷ್ಟರಗಿರಿ ಹೋಗುತ್ತದೆ! “ಎಲ್ಲಿದೆ? ಕೊಡು ಬೇಗ!”

“ಲೈಬ್ರರಿಯಲ್ಲಿಡು ಅಂತ ಅರ್ಡನ್ ಕೈಗೆ ಕೊಟ್ಟೆ.”

ಅವನು ಬೂಟಿನಲ್ಲಿ ಪಚಕ್ ಪಚಕ್ ಎನ್ನಿಸುತ್ತಾ ಕಿಟಕಿಗೆ ಓಡಿದ. ಒಳಗೆ ಅರ್ಡನ್ ಕಾಲು ಚಾಚಿ ಕೂತಿದ್ದ. ಬೀರುವಿಗೆ ಬೀಗ, ಬೀಗದಕೈ ಅವನ ಬೆರಳಲ್ಲಿ ಗಿರಗಿರನೆ ತಿರುಗುತ್ತಿತ್ತು. ಪಕ್ಕದಲ್ಲಿ ಮಂದಿರದ ಅಡುಗೆಮನೆಯಿಂದ ತಂದ ಟರ್ಕಿ ತೂಗುವ ತಕ್ಕಡಿ.

“ಅರ್ಡನ್, ಆ ತಗಡು ತೆಗಿ. ಎಲ್ಲರ ಮುಂದೆ ತೂಕ ಹಾಕಿಬಿಡೋಣ.”

ಅರ್ಡನ್ ತಕ್ಕಡಿಯನ್ನು ಕಾಲಿನಿಂದ ಮೆಲ್ಲಗೆ ಮೇಜಿನಡಿಗೆ ತಳ್ಳಿದ. ಅವನ ಎಂಬತ್ತು ಪೌಂಡು ಆ ತಕ್ಕಡಿಯಲ್ಲಿ ಎಷ್ಟಕ್ಕೆ ಇಳಿದಿತ್ತೋ, ಅದು ಅವನ ಮುಖ ನೋಡಿದರೆ ತಿಳಿಯುವಂತಿತ್ತು.

“ಅದು ನೋಡೋಕೆ ಸಿಗಲ್ಲ ಭಾವ” ಎಂದ. “ನಂಬಬೇಕು ಅಷ್ಟೆ.”

ಎರಡು ತರಗತಿಗೆ ಎರಡು ಸೀಮೆಸುಣ್ಣ ಅವನ ಒದ್ದೆ ಅಂಗೈಯಲ್ಲಿಟ್ಟು, ಅರ್ಡನ್ ಕಿಟಕಿ ಎಳೆದುಕೊಂಡ.