ಬೀಗದ ತೂತಿನೊಳಗಿನ ವಿಭೂತಿ

ನಮ್ಮ ಸೋದರಮಾವನಿಗೆ ನನ್ನ ಮೇಲೆ ಬಹಳ ನಂಬಿಕೆ. ರಾವಂದೂರಿಗೆ ಹೋದರೆ ಕಾಫಿ ಕೊಟ್ಟು, ಪಕ್ಕದಲ್ಲೇ ಕೂರಿಸಿಕೊಂಡು, ನಾನು ಹೊರಡುವವರೆಗೂ ನನ್ನ ಎರಡು ಕೈಗಳನ್ನೇ ನೋಡುತ್ತಿರುತ್ತಾರೆ. ಬೇರೆಯವರಿಗಾದರೆ ಕಾಫಿಯೂ ಇಲ್ಲ!

ಬಿಳಿಕೆರೆಯಲ್ಲಿ ಎಳನೀರು ಕುಡಿಯುವ ಮೊದಲು ಮಾವ ಬುರುಡೆಯನ್ನು ಸುತ್ತಲೂ ತಿರುಗಿಸಿ ನೋಡುತ್ತಾರೆ. ಸೂಜಿ ಚುಚ್ಚಿ ನೀರು ಬೆರೆಸಿದ್ದರೆ? ಪಿರಿಯಾಪಟ್ಟಣದ ಡಾಕ್ಟರು ಬಿ.ಪಿ. ನೋಡಲು ಬಂದಾಗ, "ಪಟ್ಟಿ ಮೊದ್ಲು ನೀವು ಕಟ್ಕಂಡು ತೋರ್ಸಿ" ಎಂದುಬಿಟ್ಟರು. ಪಾಪ, ಡಾಕ್ಟರು ಕಟ್ಟಿಕೊಂಡರು. ಅವರಿಗೇ ಜಾಸ್ತಿ ಇತ್ತು. ಅಂದಿನಿಂದ ಮಾವ ಆಸ್ಪತ್ರೆಯ ದಿಕ್ಕಿಗೆ ತಲೆ ಹಾಕಿಲ್ಲ, ಮನೆಯವರನ್ನೂ ಕಳಿಸಿಲ್ಲ.

ಇಂಥವರ ಹಳೇ ಕಾರಿನ ಬೀಗ ಕೈಕೊಟ್ಟಿತು. ಡ್ರೈವರ್ ಬಾಗಿಲಲ್ಲಿ ಕೀ ಅರ್ಧ ಹೋಗಿ ನಿಲ್ಲುತ್ತಿತ್ತು. ಮಾವ ಎಡಗಡೆಯಿಂದ ಹತ್ತಿ, ಗೇರು ದಾಟಿ, ಸ್ಟೀರಿಂಗಿನ ಮುಂದೆ ಬಂದು ಬೀಳಬೇಕು. ಪಂಚೆ ಗೇರಿಗೆ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಯಾರೋ ಕುಸ್ತಿ ಆಡುತ್ತಿದ್ದಾರೇನೋ ಎನ್ನುವಂತೆ ಕಾರು ಅಲ್ಲಾಡುತ್ತಿತ್ತು.

ಹುಣಸೂರಿನಲ್ಲಿದ್ದ ನನಗೆ ಫೋನು ಬಂತು. "ಫೋನ್ನಾಗೆ ಏಳಂಗಿಲ್ಲ ಕಣ್ಲಾ, ಯಾರಾರ ಕೇಳ್ಕತಿರ್ತಾರೆ. ನೀನು ಬಾ."

ಹೋದೆ. ಮಾವ ಆಗಲೇ ಬೀಗಕ್ಕೆ ಹರಳೆಣ್ಣೆ ಹುಯ್ದಿದ್ದರು, ಅದು ಇನ್ನಷ್ಟು ಬಿಗಿದಿತ್ತು.

"ಮೆಕಾನಿಕ್‌ಗೆ ತೋರಿಸಬಹುದಿತ್ತಲ್ಲ ಮಾವ?"

"ಕೀ ಕೊಡ್ಬೇಕಾಯ್ತದೆ. ಅವ್ನು ಇನ್ನೊಂದು ಮಾಡ್ಕತಾನೆ."

"ಇದೇ ತೂರ್ತಿಲ್ಲ, ಇನ್ನೊಂದು ಇಟ್ಟುಕೊಂಡು ಅವನೇನು ಮಾಡ್ತಾನೆ?"

"ಅದೇ ನಂಗೂ ಅನ್ಮಾನ."

ಆದರೆ ಅವರ ನಿಜವಾದ ಅನುಮಾನ ಪಕ್ಕದ ಮನೆಯಲ್ಲಿದ್ದ ಒಡಹುಟ್ಟಿದ ತಮ್ಮನ ಮೇಲೆ. ಅಣ್ಣತಮ್ಮಂದಿರದು ಎರಡು ಮನೆ, ಒಂದೇ ಅಂಗಳ. ಆ ಅಂಗಳದ ನಡುವೆ ಗೋಡೆ ಎಬ್ಬಿಸುವುದೆಂದು ಮಾವ ಆಗಲೇ ಇಟ್ಟಿಗೆ ಇಳಿಸಿಬಿಟ್ಟಿದ್ದರು. ಬೀಗ ಕೆಡಿಸಿದ್ದಕ್ಕೆ ಸಾಕ್ಷಿ ಏನೆಂದರೆ, ಆ ತಮ್ಮ ಇವರ ಕಾರು ನೋಡಿ ನಕ್ಕನಂತೆ. ಪಂಚೆ ಬಿಚ್ಚಿಕೊಂಡು ಗೇರು ದಾಟುವವರನ್ನು ನೋಡಿ ಯಾರು ತಾನೇ ನಗುವುದಿಲ್ಲ? ಹಾಗೆಂದಿದ್ದರೆ ಗೋಡೆಯ ಆಚೆಗೆ ನಾನೂ ಸೇರುತ್ತಿದ್ದೆ.

ತುಕ್ಕು ಬಿಡಿಸುವ ಸ್ಪ್ರೇ ತಂದಿದ್ದೆ. ತೂತಿಗೆ ಹೊಡೆದು, ಸ್ವಲ್ಪ ಬಿಟ್ಟು, ಕೀಯನ್ನು ಬಲವಂತ ಮಾಡದೆ ಒಳಗೆ ಹೊರಗೆ ಆಡಿಸಿದೆ. ಪಿನ್ನಿನಿಂದ ಕೆದಕಿದೆ. ಬೂದುಬಣ್ಣದ ಅಂಟು ಮುದ್ದೆಮುದ್ದೆಯಾಗಿ ಹೊರಬಂತು. ಮಾವ ಬೆರಳಿಗೆ ತೆಗೆದುಕೊಂಡು ಮೂಸಿದರು. ಅವರ ಮುಖ ಬಿಳುಚಿತು.

"ಇಬೂತಿ ಕಣ್ಲಾ. ಮಾಟ ಮಾಡ್ಸವ್ನೆ."

"ಅತ್ತೆ ದಿನಾ ಬಾಗಿಲ ಹಿಡಿ ಮೇಲೆ ವಿಭೂತಿ ಇಡ್ತಾರಲ್ಲ ಮಾವ?"

"ಇಡಿ ಮೇಲಿರೋದು ನಮ್ದು. ಒಳೀಕಿರೋದು ಯಾರ್ದು?"

ಮಾವ ಪಂಚೆ ಎತ್ತಿ ಕಟ್ಟಿ ತಮ್ಮನ ಬಾಗಿಲ ಕಡೆ ಹೊರಟೇಬಿಟ್ಟರು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. "ರೀ, ನಿಂತ್ಕಳಿ. ನಾನ್ ಇಟ್ಟಿದ್ದೇ ಇರ್ಬೇಕು."

"ತೂತಿಗ್ಯಾಕೆ ಇಟ್ಟೆ?"

"ಇಡಿ ಮೇಲೇ ಇಟ್ಟಿವ್ನಿ. ನಿಮ್ ಕೈಗೆ ತಾಕ್ಲಿ ಅಂತ. ಇವತ್ತೂ ಇಟ್ಟಿವ್ನಿ, ನೋಡಿ."

ನೋಡಿದೆ. ಹಿಡಿಯ ಮೇಲೆ ವಿಭೂತಿಯೇ ಇರಲಿಲ್ಲ. ಅತ್ತೆ ತೋರಿಸಲು ಕೈ ಚಾಚಿದರು. ಬೆರಳು ಮೊದಲು ಗಾಜಿಗೆ ತಾಗಿತು, ತಡವುತ್ತಾ ಕೆಳಗಿಳಿದು ಬೀಗದ ತೂತಿನ ಮೇಲೆ ಬಂದು ನಿಂತಿತು. "ಇಕಾ, ಇಲ್ಲೇ" ಎಂದರು.

ಮಾವ ಆ ಬೆರಳನ್ನೇ ನೋಡುತ್ತಿದ್ದರು. ಊರಿನವರ ಕೈಗಳನ್ನೆಲ್ಲ ಕಾದವರು ಈ ಕೈಯೊಂದನ್ನು ಬಿಟ್ಟಿದ್ದರು.

"ಯಾವತ್ತಿಂದ ಕಾಣ್ತಿಲ್ಲ?" ಎಂದು ಮೆಲ್ಲಗೆ ಕೇಳಿದರು.

"ಮಂಜು ಮಂಜಾಗಿ ಕಾಣ್ತದೆ. ಏಳಿದ್ರೆ ಡಾಕ್ಟ್ರ ಮೇಲೆ ಜಗಳಕ್ಕೋಯ್ತೀರಿ ಅಂತ ಸುಮ್ಕಿದ್ದೆ."

ಇಷ್ಟು ದಿನ ಇವರ ಅನುಮಾನಗಳನ್ನು ಊರೂರಿಗೆ ಹೇಳಿ ನಗಿಸಿದವನು ನಾನೇ. ಆ ಅನುಮಾನಕ್ಕೆ ಹೆದರಿ ಒಬ್ಬರು ಕಣ್ಣನ್ನೇ ಮುಚ್ಚಿಟ್ಟುಕೊಂಡಿದ್ದರು ಎಂದು ಯಾರಿಗೆ ಗೊತ್ತಿತ್ತು?

ಬೀಗವೇನೋ ಬಿಟ್ಟುಕೊಂಡಿತು. ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಈಗಲೇ ಹೋಗಬೇಕು ಎಂದರು ಮಾವ. ಆದರೆ ಡ್ರೈವರ್ ಬಾಗಿಲು ತೆರೆದವರು ತಾವು ಹತ್ತದೆ, ಅತ್ತೆಯನ್ನು ಕೈಹಿಡಿದು ಹಿಂದಿನ ಸೀಟಿಗೆ ಹತ್ತಿಸಿದರು. ಅಂಗಳದ ಆಚೆ ತಿರುಗಿ ತಮ್ಮನನ್ನು ಕೂಗಿದರು.

"ಲೇ, ಬಾರ್ಲಾ ಇಲ್ಲಿ. ಗಾಡಿ ನೀನ್ ಓಡ್ಸು."

ಚಿಕ್ಕಮಾವ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಇಟ್ಟಿಗೆ ರಾಶಿಯನ್ನು ಬಳಸಿಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತರು. ನಾನು ಅವರ ಪಕ್ಕದಲ್ಲಿ ಕೂತೆ, ಮಾವ ಹಿಂದಿನ ಸೀಟಿನಲ್ಲಿ ಅತ್ತೆಯ ಜೊತೆ.

ಊರು ದಾಟಿದ ಮೇಲೆ ಹಿಂದಿನಿಂದ ಮಾವನ ದನಿ ಕೇಳಿಸಿತು. "ನನ್ ಮೊಕನಾರ ಕಾಣ್ತದಾ?"

"ನಿಮ್ದು ಕಾಣ್ದಿದ್ರೂ ಗೊತ್ತಾಯ್ತದೆ, ಬುಡಿ" ಎಂದರು ಅತ್ತೆ.

ಆಮೇಲೆ ಮಾವ ಅಳುವುದು ಕೇಳಿಸಿತು. ಚಿಕ್ಕಮಾವ ಕಾರಿನ ವೇಗ ಸ್ವಲ್ಪ ಕಡಿಮೆ ಮಾಡಿದರು.