ಮಗಳ ಪರೀಕ್ಷೆ, ಅಪ್ಪನ ಬಾಯಿ

ನಮ್ಮ ಮನೆಯಲ್ಲಿ ಮಕ್ಕಳನ್ನು ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳುವುದು ದೊಡ್ಡವರ ಕೆಲಸ. ಹೀಗೆಂದು ಯಾರೂ ಕೂತು ಗೊತ್ತು ಮಾಡಿದ್ದಲ್ಲ, ನಡೆದು ಬಂದುಬಿಟ್ಟಿದೆ. ಬಂದ ನೆಂಟರು ನನ್ನ ಮಗಳನ್ನು "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳಿದರೆ ಸಿಂಧು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಎಷ್ಟನೇ ಕ್ಲಾಸು ಎಂದರೆ ಒಂಬತ್ತು ಎಂದು ನಾನು ಹೇಳುತ್ತೇನೆ. ಚೆನ್ನಾಗಿ ಓದುತ್ತೀಯಾ ಎಂದರೆ, ದೇವರ ಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತ ನನ್ನ ಅಮ್ಮ ಅಲ್ಲಿಂದಲೇ ಕೂಗಿ, "ಓದ್ತಾಳೆ, ಸ್ವಲ್ಪ ನಾಚಿಕೆ ಅಷ್ಟೆ. ಮನೇಲಾದ್ರೆ ಎಲ್ಲ ಚೆನ್ನಾಗಿ ಹೇಳ್ತಾಳೆ" ಎನ್ನುತ್ತಾರೆ. ಅಷ್ಟು ಹೊತ್ತೂ ಸಿಂಧು ಜಡೆಯ ತುದಿ ತಿರುವುತ್ತ ನಿಂತಿರುತ್ತಾಳೆ. ಎಷ್ಟು ಸಾಧು ಹುಡುಗಿ ಎಂದು ಮೆಚ್ಚಿಕೊಂಡು ನೆಂಟರು ಹೋಗುತ್ತಾರೆ. ನಾವೂ ಹಿಗ್ಗುತ್ತೇವೆ.

ಅವಳು ಚಿಕ್ಕವಳಿದ್ದಾಗ ಒಮ್ಮೆ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ಎಲ್ಲಿ ನೋವಮ್ಮ ಎಂದು ಅವರು ಅವಳ ಗಲ್ಲ ಹಿಡಿದು ಕೇಳಿದರು. ಹೊಟ್ಟೆ ಎಂದಳು ನನ್ನ ಹೆಂಡತಿ. ಗಂಟಲಿರಬೇಕು ಎಂದರು ಅಮ್ಮ. ಮೈ ಬೆಚ್ಚಗಿದೆ ಎಂದೆ ನಾನು. ಮೂರಕ್ಕೂ ಔಷಧಿ ಬರೆಸಿಕೊಂಡು ಮೆಟ್ಟಿಲಿಳಿದು ಬಂದ ಮೇಲೆ ಮಗು ನನ್ನ ಅಂಗಿ ಎಳೆದು, ಕಿವಿ ನೋಯುತ್ತಿದೆ ಎಂದು ಮೆಲ್ಲಗೆ ಹೇಳಿತು. ಮೊದಲೇ ಹೇಳಬಾರದಾಗಿತ್ತೇ ಎಂದು ಮೂವರೂ ಸೇರಿ ಗದರಿದೆವು.

ಹೀಗೆ ಬೆಳೆದ ಹುಡುಗಿ ಜೀವಮಾನದಲ್ಲಿ ಒಂದು ಸಲ ಮಾತ್ರ ತಾನಾಗಿ ಬಾಯಿ ಬಿಟ್ಟಳು. ಶಾಲೆಯಲ್ಲಿ ಮೂರನೆಯ ಭಾಷೆ ಆರಿಸಿಕೊಳ್ಳಬೇಕಾಗಿತ್ತು. ನಮ್ಮದು ಗಂಜಾಂನ ಹಳೆಯ ಮನೆ, ನಮ್ಮ ತಂದೆ ಕಡೆಯವರೆಗೂ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಆದ್ದರಿಂದ ಸಂಸ್ಕೃತ ಎಂದು ನಾವೆಲ್ಲ ಅವಳ ಪರವಾಗಿ ತೀರ್ಮಾನಿಸಿ ಆಗಿತ್ತು. ಊಟಕ್ಕೆ ಕೂತಿದ್ದಾಗ ಸಿಂಧು, "ನಂಗೆ ಫ್ರೆಂಚ್ ಬೇಕು" ಎಂದಳು. ಸಾರು ಬಡಿಸುತ್ತಿದ್ದ ಸೌಟು ಅರ್ಧದಲ್ಲೇ ನಿಂತಿತು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ ಯುದ್ಧದ ಚಿತ್ರದಲ್ಲಿ ಫ್ರೆಂಚ್ ಸಿಪಾಯಿಗಳನ್ನು ನೋಡಿ ಬಂದಾಗಿನಿಂದ ಅವಳಿಗೆ ಆ ಭಾಷೆಯ ಹುಚ್ಚು ಹಿಡಿದಿತ್ತಂತೆ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು. ನಾನೇ ಸಮಾಧಾನ ಹೇಳಿದೆ. ನಾನು ದಿನಾ ಕೆಲಸಕ್ಕೆ ಹೋಗುವ ಪಾಂಡವಪುರಕ್ಕೇ ಹಿಂದೆ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು, ಫ್ರೆಂಚರು ಅಲ್ಲೇ ಬೀಡುಬಿಟ್ಟಿದ್ದರು, ಹೊರಗಿನವರೇನಲ್ಲ ಎಂದೆ. ಅಕ್ಕಪಕ್ಕದ ಊರಿನವರು ಎಂದ ಮೇಲೆ ಅಮ್ಮನಿಗೂ ಅಷ್ಟಾಗಿ ತಕರಾರು ಉಳಿಯಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗ್ರಹಚಾರ ವಕ್ಕರಿಸಿತು. ಬರೆಯುವ ಪರೀಕ್ಷೆಯಲ್ಲಿ ತರಗತಿಗೇ ಮೊದಲು, ಮಾತಾಡುವ ಪರೀಕ್ಷೆಯಲ್ಲಿ ಸೊನ್ನೆ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕಂತೆ. ವಾರ್ಷಿಕ ಪರೀಕ್ಷೆಯಲ್ಲೂ ಬಾಯಿ ಬಿಡದಿದ್ದರೆ ಫ್ರೆಂಚ್ ಬಿಡಿಸಿ ಬೇರೆ ಭಾಷೆಗೆ ಹಾಕುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದರು. ಸಿಂಧು ಅಳಲೂ ಇಲ್ಲ, ಅನ್ನ ಮುಟ್ಟಲೂ ಇಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಇದೆಂಥ ಪರೀಕ್ಷೆ ಸ್ವಾಮಿ! ನಾವೂ ಪರಭಾಷೆ ಕಲಿತವರೇ. ಇಂಗ್ಲಿಷಿನಲ್ಲಿ ಒಂದು ಮಾತೂ ಆಡದೆ ಇಂಗ್ಲಿಷಿನಲ್ಲಿ ಪಾಸಾದವನು ನಾನು. ಸಮುದ್ರವನ್ನೇ ಕಾಣದೆ ಸಮುದ್ರ ತೀರದಲ್ಲಿ ಒಂದು ಸಂಜೆ ಎಂದು ಎರಡು ಪುಟ ಬರೆದು ಭೇಷ್ ಅನ್ನಿಸಿಕೊಂಡಿದ್ದೆ. ಬರೆಯುವ ಪರೀಕ್ಷೆಗೆ ಒಂದು ಮರ್ಯಾದೆ ಇದೆ. ತೋಚದಿದ್ದರೆ ತೊಲೆ ನೋಡಬಹುದು, ಪೆನ್ನು ಕಚ್ಚಬಹುದು, ಬರೆದದ್ದನ್ನು ಹೊಡೆದುಹಾಕಬಹುದು. ಮಾತಿನ ಪರೀಕ್ಷೆಯಲ್ಲಿ ಒಬ್ಬರು ಎದುರಿಗೇ ಕೂತು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಹಾಗೆ ನೋಡಿದರೆ ನನಗೆ ನನ್ನ ಮನೆಯ ಬಾಗಿಲ ನಂಬರೂ ಮರೆತುಹೋಗುತ್ತದೆ.

ಈ ವಾದವನ್ನೆಲ್ಲ ಕಟ್ಟಿಕೊಂಡು ಹೆಂಡತಿ ಮಗಳ ಸಮೇತ ಶಾಲೆಗೆ ಹೋದೆ. ಫ್ರೆಂಚ್ ಕಲಿಸುವ ಶಿಲ್ಪಾ ಮೇಡಂ ಮೈಸೂರಿನಿಂದ ಬಂದು ಹೋಗುವವರು, ಇನ್ನೂ ಚಿಕ್ಕ ವಯಸ್ಸು. ಅವರು ನನ್ನ ವಾದಕ್ಕೆ ಕಿವಿಗೊಡದೆ ಮಗಳ ಕಡೆ ತಿರುಗಿ, ಯಾಕಮ್ಮ ಮಾತಾಡಲ್ಲ, ಭಯಾನಾ ಎಂದು ಕೇಳಿದರು. ಭಯವಲ್ಲ ಮೇಡಂ, ನಾಚಿಕೆ ಎಂದೆ ನಾನು. ನನ್ನ ಪಾಠ ಇಷ್ಟಾನಾ ಎಂದರು. ತುಂಬಾ ಇಷ್ಟ ಎಂದಳು ನನ್ನ ಹೆಂಡತಿ. ಮೇಡಂ ನಮ್ಮಿಬ್ಬರ ಕಡೆ ತಿರುಗಿದರು. "ಸರ್, ನಾನು ಸಿಂಧುನ ಕೇಳಿದ್ದು" ಎಂದರು. ನನಗೆ ಹೌದಲ್ಲ ಎನ್ನಿಸಿತು, ಆದರೆ ಅದರಲ್ಲಿ ವಿಶೇಷವೇನು ಎಂದು ಹೊಳೆಯಲಿಲ್ಲ. ಕೊನೆಗೆ ಅವರು ದಿನಾ ಮನೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿ ಎಂದು ಹೇಳಿ, ಪ್ರಶ್ನೆ ಉತ್ತರಗಳನ್ನೆಲ್ಲ ತಮ್ಮ ಧ್ವನಿಯಲ್ಲೇ ನನ್ನ ಫೋನಿಗೆ ಕಳಿಸಿದರು.

ಅಂದಿನಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಪ್ರಶ್ನೆ ಕೇಳಬೇಕಾದರೆ ಮೊದಲು ನನಗೆ ಬರಬೇಕಲ್ಲ. ಕಿವಿಗೆ ವಯರು ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಗೊಣಗಿದೆ, ಕಚೇರಿಯಲ್ಲಿ ಗೊಣಗಿದೆ. ಪಕ್ಕದ ಮೇಜಿನ ಕಾಳೇಗೌಡರು ಬೂಕನಕೆರೆಯವರು, ನೇರ ಮಾತಿನ ಮನುಷ್ಯ. ಏನ್ ಸ್ವಾಮಿ, ಒಸಾ ಮಂತ್ರ ಸುರು ಅಚ್ಕೊಂಡಿದ್ದೀರಾ ಎಂದು ವಿಚಾರಿಸಿದರು. ಸಂಗತಿ ತಿಳಿಸಿದೆ. ಅವರು ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, "ಮಗ್ಳು ಪರೀಕ್ಸೆಗೆ ನೀವ್ಯಾಕ್ ಸ್ವಾಮಿ ಬಾಯ್ಪಾಠ ಮಾಡೀರಿ? ಅತ್ಲಾಗೆ ನೀವೇ ಓಗಿ ಕೂತ್ಕಂಬುಡಿ" ಎಂದರು. ತಂದೆಯ ಕಷ್ಟ ಇವರಿಗೇನು ಗೊತ್ತು ಎಂದು ನಾನು ಮುಖ ತಿರುಗಿಸಿಕೊಂಡೆ.

ಸಂಜೆ ಅಭ್ಯಾಸ. ನಿನ್ನೆ ಏನು ತಿಂದೆ ಎಂದು ನಾನು ಫ್ರೆಂಚಿನಲ್ಲಿ ಕೇಳುತ್ತಿದ್ದೆ. ಸಿಂಧು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಏನು ಕೇಳಿದಿರಿ ಎಂದು ಹೆಂಡತಿ ನನ್ನಿಂದ ಅರ್ಥ ತಿಳಿದುಕೊಂಡು, ಅಕ್ಕಿರೊಟ್ಟಿ ತಿಂದೆಯಲ್ಲೇ, ಹೇಳು ಎನ್ನುತ್ತಿದ್ದಳು. ರೊಟ್ಟಿಯಲ್ಲ, ಉಪ್ಪಿಟ್ಟು ಎಂದು ಅಮ್ಮ ತಿದ್ದುತ್ತಿದ್ದರು. ಅವರಿಬ್ಬರೂ ಜಗಳ ಮುಗಿಸುವ ತನಕ ತಾಳಲಾರದೆ ಫ್ರೆಂಚ್ ಉತ್ತರವನ್ನು ನಾನೇ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಒಂದು ತಿಂಗಳಲ್ಲಿ ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದಿತ್ತು. ಅಮ್ಮ ಹೂವಿನವಳಿಗೆ ಬೋಂಜೂರ್ ಎನ್ನುತ್ತಿದ್ದರು. ಸಿಂಧು ಮಾತ್ರ ಎಲ್ಲ ಮುಗಿದ ಮೇಲೆ ಉತ್ತರಗಳನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಚೆಂದವಾಗಿ ಬರೆದು ನನ್ನ ಕೈಗಿಟ್ಟು ಮಲಗಲು ಹೋಗುತ್ತಿದ್ದಳು. ಇಷ್ಟು ಒದ್ದಾಡಿದರೂ ಬಾಯಿ ಬಿಡುವುದಿಲ್ಲವಲ್ಲ ಈ ಹುಡುಗಿ ಎಂದು ನಾನು ತಲೆ ತಲೆ ಚಚ್ಚಿಕೊಂಡೆ.

ಪರೀಕ್ಷೆಯ ದಿನ ಬಂತು. ಪ್ರಶ್ನೆ ಕೇಳಲು ಮೈಸೂರಿನಿಂದ ವಯಸ್ಸಾದ ಮೇಷ್ಟರೊಬ್ಬರನ್ನು ಕರೆಸಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ, ಅಪ್ಪ ಅಮ್ಮಂದಿರು ಹೊರಗೆ ಜಗಲಿಯಲ್ಲಿ. ಸೆಕೆಗೆ ಕಿಟಕಿ ತೆಗೆದಿಟ್ಟಿದ್ದರು. ನಾನು ಅದರ ಕೆಳಗೇ ಜಾಗ ಹಿಡಿದಿದ್ದೆ. ಸಿಂಧು ಒಳಗೆ ಹೋದಳು. ಮೇಷ್ಟರು ಹೆಸರು ಕೇಳಿದರು. ಸದ್ದಿಲ್ಲ. ಮೆಲ್ಲಗೆ ಎದ್ದು ನೋಡಿದೆ. ಅವಳು ಕುರ್ಚಿಯಲ್ಲಿ ಕೂತು, ಜಡೆ ಹಿಡಿದು, ಕತ್ತು ಹೊರಳಿಸಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಉತ್ತರ ಎಂದಿನಂತೆ ನಮ್ಮ ಕಡೆಯಿಂದ ಬರಲಿ ಎಂದು ಕಾಯುತ್ತಿದ್ದಳು. ನಾನು ತುಟಿ ಕಚ್ಚಿಕೊಂಡೆ. ನಿನ್ನ ತಂದೆ ಏನು ಕೆಲಸ ಮಾಡುತ್ತಾರೆ ಎಂದರು ಮೇಷ್ಟರು. ಅವಳು ಜಡೆಯ ತುದಿಯನ್ನು ಇನ್ನೊಂದು ಸುತ್ತು ತಿರುವಿದಳು. ನನ್ನ ಮಗಳ ಫ್ರೆಂಚ್ ಕಣ್ಣೆದುರಿಗೇ ಮುಳುಗುತ್ತಿತ್ತು. ಆಗ ಕಿಟಕಿಯ ಹೊರಗಿನಿಂದ ಸ್ಪಷ್ಟವಾದ ಫ್ರೆಂಚಿನಲ್ಲಿ, ನನ್ನ ತಂದೆ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ ಎಂಬ ಮಾತು ಕೇಳಿಸಿತು. ಧ್ವನಿ ನನ್ನದೇ. ನನ್ನ ತಂದೆಯಾದರೋ ಕಚೇರಿಯ ಮೆಟ್ಟಿಲು ಹತ್ತಿದವರೇ ಅಲ್ಲ.

ಮೇಷ್ಟರು ಕನ್ನಡಕ ತೆಗೆದರು. ಬನ್ನಿ ಒಳಗೆ ಎಂದು ಕೈಸನ್ನೆ ಮಾಡಿದರು. ಸಿಂಧುವಿನ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಮುಖವನ್ನೇ ನೋಡುತ್ತ ಫ್ರೆಂಚಿನಲ್ಲಿ ಏನೋ ಕೇಳಿದರು. ನಾನು ಕಲಿತ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಮೇಷ್ಟರು ಮತ್ತೆ ಕೇಳಿದರು. ನಾನು ಅಂಗಿಯ ಗುಂಡಿ ತಿರುವುತ್ತ ಸಿಂಧುವಿನ ಕಡೆ ನೋಡಿದೆ. ಅವಳು ನನ್ನನ್ನೊಮ್ಮೆ ನೋಡಿದಳು, ನಿಟ್ಟುಸಿರು ಬಿಟ್ಟಳು, ಮೇಷ್ಟರ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಹೇಳಿದಳು. ಮೇಷ್ಟರು ಮೇಜು ಬಡಿದು ನಕ್ಕರು. ಇನ್ನೇನೋ ಕೇಳಿದರು. ಅದಕ್ಕೂ ಹೇಳಿದಳು. ಮೇಷ್ಟರು ನನಗೆ ಅಚ್ಚ ಕನ್ನಡದಲ್ಲಿ, "ನೀವಿನ್ನು ಹೊರಡಿ ಸ್ವಾಮಿ. ಜಗಲಿ ಬೇಡ, ಗೇಟಿನ ಆಚೆ ಇರಿ" ಎಂದರು. ನಾನು ಗೇಟಿನ ಆಚೆ ಬಿಸಿಲಿನಲ್ಲಿ ನಿಂತೆ. ಸಿಂಧು ಹೊರಬರಲು ಬಹಳ ಹೊತ್ತಾಯಿತು.

ಪಾಸಾದಳು, ಒಳ್ಳೆಯ ಅಂಕಗಳೇ ಬಂದವು, ಫ್ರೆಂಚ್ ಉಳಿಯಿತು. ಅಂದು ಮನೆಗೆ ನಡೆದು ಬರುವಾಗ, ಮೇಷ್ಟರು ನನ್ನನ್ನು ಏನು ಕೇಳಿದರು, ನೀನೇನು ಹೇಳಿದೆ ಎಂದು ವಿಚಾರಿಸಿದೆ. "ನಿಮ್ಮ ಮಗಳಿಗೆ ಮಾತಾಡೋಕೆ ಯಾವಾಗ ಬಿಡ್ತೀರಿ ಅಂತ ಕೇಳಿದ್ರಪ್ಪ. ನೀವು ಸುಮ್ನೆ ಕೂತ್ರಿ. ಅದಕ್ಕೆ ನಾನು, ನಮ್ಮಪ್ಪಂಗೆ ಸ್ವಲ್ಪ ನಾಚಿಕೆ, ಮನೇಲಾದ್ರೆ ಎಲ್ಲ ಚೆನ್ನಾಗಿ ಹೇಳ್ತಾರೆ ಅಂದೆ" ಎಂದಳು.

ಬಿಟ್ಟ ಬಾಯಿ ಅವಳು ಮತ್ತೆ ಮುಚ್ಚಿಲ್ಲ. ನೆಂಟರು ಬಂದರೆ ನನಗೆ ಸಕ್ಕರೆ ಎಷ್ಟು, ನಿವೃತ್ತಿ ಯಾವಾಗ ಎಂಬುದನ್ನೆಲ್ಲ ಅವಳೇ ಹೇಳುತ್ತಾಳೆ. ಕಳೆದ ವಾರ ಅದೇ ಡಾಕ್ಟರ ಬಳಿಗೆ ಅವಳೇ ನನ್ನನ್ನು ಕರೆದುಕೊಂಡು ಹೋಗಿದ್ದಳು. ಎಲ್ಲಿ ನೋವು ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಸಿಂಧು ಮಂಡಿ ಎಂದಳು. ನನಗೆ ನೋಯುತ್ತಿದ್ದದ್ದು ಸೊಂಟ. ಸುಮ್ಮನೆ ಮಂಡಿಗೆ ಮುಲಾಮು ಬರೆಸಿಕೊಂಡು ಎದ್ದು ಬಂದೆ. ಎಷ್ಟು ಸಾಧು ಮನುಷ್ಯ ಎಂದು ಡಾಕ್ಟರು ಅಂದುಕೊಂಡಿರಬೇಕು.