ರೇಡಿಯೇಟರಿಗೆ ಮೆತ್ತಿದ ಅರಗು

ಕೈಯಲ್ಲೊಂದು ಕಸುಬು ಇರುವವನಿಗೆ ಒಂದು ಕಾಯಿಲೆ ತಪ್ಪದೆ ಬರುತ್ತದೆ. ಒಂದು ಕೆಲಸ ಚೆನ್ನಾಗಿ ಬರುತ್ತದೆಂಬ ಧೈರ್ಯದಲ್ಲಿ ಉಳಿದ ಕೆಲಸಗಳೂ ಬರುತ್ತವೆ ಎಂದುಕೊಳ್ಳುವ ಕಾಯಿಲೆ. ಅಡುಗೆಯವನು ಮದ್ದು ಹೇಳುತ್ತಾನೆ, ಗಾರೆಯವನು ಜಾತಕ ನೋಡುತ್ತಾನೆ. ನಾನು ಚನ್ನಪಟ್ಟಣದಲ್ಲಿ ನಲವತ್ತೈದು ವರ್ಷ ಲೇತಿನ ಮುಂದೆ ಕೂತು ಮರದ ಬೊಂಬೆ ಕಡೆದವನು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಏಟಿಗೆ. ಫ್ಯಾನು, ಮಿಕ್ಸಿ, ರಾಗಿ ಗಿರಣಿ, ತಿರುಗುವ ಯಾವುದನ್ನು ಕಂಡರೂ ಇದು ನಮ್ಮ ಲೇತಿನ ತಮ್ಮನೇ ಎನಿಸಿ ಕೈ ಕಡಿಯುತ್ತದೆ. ಇಂಥವನ ಕೈಗೆ ಒಂದು ಹಳೆಯ ಕಾರು ಸಿಕ್ಕರೆ ಏನಾದೀತು? ಆದದ್ದನ್ನು ಹೇಳಿಬಿಡುತ್ತೇನೆ. ಅರವತ್ತೆಂಟನೆಯ ವಯಸ್ಸಿನಲ್ಲಿ ರಾಗಿಮುದ್ದೆಯೇ ಕಷ್ಟಪಟ್ಟು ಜೀರ್ಣವಾಗುತ್ತದೆ, ತಪ್ಪುಗಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಜಾಗವಿಲ್ಲ.

ಕಾರು ಬೇಕಾದದ್ದು ಮಾಗಡಿಯ ದೆಸೆಯಿಂದ. ಅಲ್ಲೊಂದು ಶೆಡ್ಡಿನಲ್ಲಿ ಇಪ್ಪತ್ತು ಮಂದಿ ಹೆಂಗಸರಿಗೆ ಬೊಂಬೆ ಕಡೆಯುವುದನ್ನು ಕಲಿಸಲು ನನ್ನನ್ನು ಕರೆದರು. ಮೇಷ್ಟ್ರು ಎನಿಸಿಕೊಳ್ಳುವ ಆಸೆ ಎರಡು ಸಲ ಪರೀಕ್ಷೆ ಬರೆದವನಿಗೇ ಹೆಚ್ಚು, ಒಪ್ಪಿಕೊಂಡೆ. ಆದರೆ ಮಾಗಡಿಗೆ ರೈಲಿಲ್ಲ. ಬೊಂಬೆ ಕಡೆಯುವ ಆಲೆ ಮರದ ತುಂಡು, ಉಳಿ, ಅರಗಿನ ಕಡ್ಡಿಗಳ ಚೀಲ ಹೊತ್ತು ರಾಮನಗರದಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮೇಷ್ಟ್ರೇ ಬೊಂಬೆಯಾಗುತ್ತಿದ್ದರು. ಆಗ ಕನಕಪುರದ ಒಬ್ಬ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಬಿಳಿ ಕಾರನ್ನು ಮಾರುತ್ತಾರೆಂದು ತಿಳಿಯಿತು.

ಅದನ್ನು ನೋಡಲು ಜೊತೆಗೆ ಬಂದವನು ಇಕ್ಬಾಲ್. ರಾಮನಗರದಲ್ಲಿ ರೇಷ್ಮೆ ಮಾರುಕಟ್ಟೆಯ ಹಿಂದೆ ಅವನ ಗ್ಯಾರೇಜು. ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚು, ಒಂದೇ ವಿಷಯದಲ್ಲಿ ಫೇಲು. ಅವನು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳಿ, "ತಗೊಳ್ಲಾ ಸಿದ್ದ. ಎದೆ ಗಟ್ಟಿ ಐತೆ, ಕೀಲು ಒಸಿ ನೋವು. ಥೇಟ್ ನಿನ್ನಂಗೇ" ಎಂದ. ಎಡಬಾಗಿಲು ಒಳಗಿನಿಂದ ಮಾತ್ರ ತೆಗೆಯುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಹಾರನ್ನು ತಾನಾಗಿ ಕೂಗುತ್ತಿತ್ತು. ನನ್ನ ಹೆಂಡತಿ ಜಯಮ್ಮ ಒಂದು ಸುತ್ತು ಬಂದು, "ಮಕ್ಕಳಾಟಕ್ಕೆ ಬೊಂಬೆ ಮಾಡ್ತಿದ್ರಿ, ಈಗ ನಿಮ್ಮಾಟಕ್ಕೂ ಒಂದು ಬಂತು" ಎಂದಳು. ಅಂದಿನಿಂದ ಅದರ ಹೆಸರು ಬೊಂಬೆ.

ದಿನಕ್ಕೆ ಹೋಗಿಬರಲು ನೂರು ಕಿಲೋಮೀಟರಿಗೆ ಹತ್ತಿರ. ಇಕ್ಬಾಲ್ ಹಾಕಿಕೊಟ್ಟ ನಿಯಮ ಒಂದೇ: ನೀರು, ಎಣ್ಣೆ, ಗಾಳಿ ನೋಡದೆ ಚಾವಿ ತಿರುಗಿಸಬಾರದು. ನಾನು ದಿನಾ ಬೆಳಿಗ್ಗೆ ಬಾನೆಟ್ಟು ಎತ್ತಿ ಮಡಿಯಿಂದ ಮೂರನ್ನೂ ನೋಡುತ್ತಿದ್ದೆ. "ದೇವ್ರ ಕ್ವಾಣೆ ಬಾಗ್ಲು ಇಷ್ಟು ನೇಮವಾಗಿ ತೆಗ್ದಿದ್ರೆ ಇಷ್ಟೊತ್ಗೆ ಮೋಕ್ಷ ಸಿಕ್ಕೋದು" ಎಂದು ಜಯಮ್ಮ ಅನ್ನುತ್ತಿದ್ದಳು. ಹೊಸ ಹೆದ್ದಾರಿಗೆ ನಾನು ಹೋಗುತ್ತಿರಲಿಲ್ಲ. ಅಲ್ಲಿ ನಿಧಾನವಾಗಿ ಹೋಗುವುದೂ ಒಂದು ಅಪರಾಧ. ಹಳೆಯ ರಸ್ತೆಯಲ್ಲಿ ಬೊಂಬೆ ಅಂಗಡಿಗಳ ಮುಂದೆ ಹಾರನ್ನು ಹೊಡೆದು, ಅಂಗಡಿಯವರು ಕೈಯೆತ್ತುವುದನ್ನು ನೋಡಿ, ರಾಮನಗರದಲ್ಲಿ ಇಕ್ಬಾಲನ ಒಂದು ಬೈಗುಳ ಕೇಳಿ, ಬಂಡೆಗಳ ನಡುವಿನ ಮಾಗಡಿ ರಸ್ತೆ ಹಿಡಿದರೆ, ಸುಖ ಎಂದರೆ ಇದೇ ಎನಿಸುತ್ತಿತ್ತು.

ಒಂದು ಶನಿವಾರ ಇಕ್ಬಾಲ್ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಮೂತಿಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ. "ಇದನ್ನ ಬದಲಾಯಿಸ್ಬೇಕು ಕಣ್ಲಾ. ಸಾಮಾನು ಬರಾಕೆ ಎಲ್ಡು ದಿನ ಆಯ್ತದೆ. ಗಾಡಿ ಇಲ್ಲೇ ಬುಡು, ಬಸ್ನಾಗೆ ಹೋಗು."

ಬಸ್ಸಿನಲ್ಲಿ! ಕಾರಿನಲ್ಲಿ ಬಂದಿಳಿಯುವ ಮೇಷ್ಟ್ರು ಚೀಲ ಹೊತ್ತು ಬಸ್ಸಿನಿಂದ ಇಳಿಯುವುದೇ! "ಆಮೇಲೆ ನೋಡಾನ" ಎಂದು ಗಾಡಿ ತಂದುಬಿಟ್ಟೆ. ಭಾನುವಾರ ಹಿತ್ತಿಲಿನಲ್ಲಿ ಬಾನೆಟ್ಟು ಎತ್ತಿ ಬಿರುಕು ನೋಡುತ್ತ ನಿಂತಾಗ ಕೈ ಕಡಿಯತೊಡಗಿತು. ಮರದಲ್ಲಿ ಇಂಥ ಬಿರುಕು ನಾನೆಷ್ಟು ಮುಚ್ಚಿಲ್ಲ? ಕೆಂಪು ಅರಗಿನ ಕಡ್ಡಿ ತಂದೆ, ಮೇಣದಬತ್ತಿಗೆ ಹಿಡಿದು ಮೆತ್ತಗೆ ಮಾಡಿದೆ, ಬಿರುಕಿಗೆ ತುಂಬಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಕಸುಬಿಗೆ ಅವಮಾನ. ಕೇದಗೆ ಗರಿಯಿಂದ ಉಜ್ಜಿ ಹೊಳಪನ್ನೂ ಕೊಟ್ಟೆ. ರೇಡಿಯೇಟರಿನ ಮೂತಿ ಮದುವೆ ಹೆಣ್ಣಿನ ತುಟಿಯ ಹಾಗೆ ಹೊಳೆಯಿತು. ಐದು ನಿಮಿಷ ಎಂಜಿನ್ನು ಓಡಿಸಿದೆ, ಒಂದು ಹನಿ ನೀರು ಸೋರಲಿಲ್ಲ.

ಈಗ ಶೆಡ್ಡಿನಲ್ಲಿ ನಾನು ಕಲಿಸಿದ ಮೊದಲ ಪಾಠವನ್ನು ಹೇಳಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣವಾಗಿ ಹತ್ತುತ್ತದೆ. "ಬಿಸಿ ಕಂಡರೆ ಅರಗು ನಿಲ್ಲೋದಿಲ್ಲ, ಇಷ್ಟು ನೆನಪಿಟ್ಕೊಳಿ ಸಾಕು" ಎಂದು ಇಪ್ಪತ್ತು ಮಂದಿಯಿಂದ ಹೇಳಿಸಿದ್ದೆ. ನನ್ನಿಂದ ಯಾರೂ ಹೇಳಿಸಿರಲಿಲ್ಲ.

ಸೋಮವಾರ ರಾಮನಗರದಲ್ಲಿ ಇಕ್ಬಾಲನ ಗ್ಯಾರೇಜಿನ ಮುಂದೆ ತಲೆ ತಗ್ಗಿಸಿಕೊಂಡು ದಾಟಿದೆ. ಮಾಗಡಿ ರಸ್ತೆಯ ಏರು ಹತ್ತಿ ಶೆಡ್ಡಿನ ಅಂಗಳಕ್ಕೆ ಬಂದು ನಿಲ್ಲಿಸುವುದಕ್ಕೂ ಬೊಂಬೆ ಬುಸ್ಸೆಂದು ಹೊಗೆ ಬಿಡುವುದಕ್ಕೂ ಸರಿಹೋಯಿತು. ಬಾನೆಟ್ಟು ಎತ್ತಿದರೆ ಎಂಜಿನ್ನಿನ ತುಂಬ ಕೆಂಪು ಧಾರೆ. ಕೆಲಸ ಬಿಟ್ಟು ಬಂದು ಸುತ್ತ ನಿಂತ ಹೆಂಗಸರಲ್ಲಿ ಒಬ್ಬರು, "ಅಯ್ಯಯ್ಯೋ, ಗಾಡಿ ರಕ್ತ ಕಾರ್ಕತಾ ಐತೆ!" ಎಂದರು. ನನ್ನ ಶಿಷ್ಯೆಯರಲ್ಲಿ ಜಾಣೆಯಾದ ಭಾಗ್ಯ ಮೂಗು ಅರಳಿಸಿ, "ಮೇಷ್ಟ್ರೇ, ಇದು ಅರಗಿನ ವಾಸ್ನೆ ಅಲ್ವಾ?" ಎಂದಳು.

ಆಗ ನಾನು ಬಾಯಿಬಿಟ್ಟೆ. "ಎಂಥ ಅರಗು? ಅದೇನೋ ಗ್ಯಾರೇಜ್‌ನೋನು ಹಾಕವ್ನೆ. ನಂಬಿದ್ದಕ್ಕೆ ನೋಡು!" ಸುಳ್ಳು ಹೇಳಿ ಸುಮ್ಮನಿರಬಾರದೇ? ಎಲ್ಲರೂ ಕೇಳುವಂತೆ ಸ್ಪೀಕರು ಹಾಕಿ ಫೋನು ಮಾಡಿದೆ. "ಏನ್ಲಾ ಇಕ್ಬಾಲ, ಇದೇ ಏನ್ಲಾ ನಿನ್ ಕೆಲ್ಸ? ದಾರೀಲಿ ಪ್ರಾಣ ಹೋಗಿದ್ರೆ?" ಆ ಕಡೆ ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಬತ್ತೀನಿ ಇರು" ಎಂದ.

ಮಧ್ಯಾಹ್ನ ಅವನು ಬಸ್ಸಿನಲ್ಲಿ ಬಂದ. ಹೌದು, ನಾನು ಹತ್ತಲೊಲ್ಲದ ಅದೇ ಬಸ್ಸಿನಲ್ಲಿ, ಇನ್ನಾವುದೋ ಹಳೆಯ ಗಾಡಿಯಿಂದ ಬಿಚ್ಚಿದ ರೇಡಿಯೇಟರನ್ನು ಗೋಣಿಚೀಲದಲ್ಲಿ ಹೊತ್ತು. ನಾನು ಮತ್ತೆರಡು ಮಾತು ಅಂದೆ. ಅವನು ತಲೆಯೆತ್ತಲಿಲ್ಲ. ಕೆಂಪು ಗಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು, ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಬೇರೆಯದನ್ನು ಕೂರಿಸಿ, ಕೈ ಒರೆಸಿಕೊಂಡು, "ತೆಪ್ಪಾಯ್ತು ಮೇಷ್ಟ್ರೇ" ಎಂದು ಹೊರಟ.

ಮೇಷ್ಟ್ರೇ! ಐವತ್ತು ವರ್ಷದಿಂದ ನಾನು ಅವನಿಗೆ 'ಲೇ ಸಿದ್ದ'. ಊರೆಲ್ಲ ಮೇಷ್ಟ್ರು ಎಂದಾಗ ಉಬ್ಬಿದವನಿಗೆ ಅವನ ಬಾಯಲ್ಲಿ ಆ ಮಾತು ಕೇಳಿ ಎದೆಯಲ್ಲಿ ಉಳಿ ಜಾರಿದಂತಾಯಿತು. ಅಷ್ಟು ಸಾಲದೆಂಬಂತೆ ಭಾಗ್ಯ ಹತ್ತಿರ ಬಂದು, "ನಮ್ಮೆಜಮಾನ್ರು ಟೆಂಪೋನ ಇವರತ್ರಾನೇ ತೋರಿಸ್ಬೇಕು ಅಂತಿದ್ರು. ಬ್ಯಾಡ ಅನ್ಲಾ ಮೇಷ್ಟ್ರೇ?" ಎಂದು ಕೇಳಿದಳು. ನಿಜ ಹೇಳಲು ದೇವರು ಕೊಟ್ಟ ಎರಡನೆಯ ಅವಕಾಶ. ಎಸ್ಸೆಸ್ಸೆಲ್ಸಿಯನ್ನಾದರೂ ಎರಡನೆಯ ಏಟಿಗೆ ಪಾಸು ಮಾಡಿದ್ದೆ. ಇಲ್ಲಿ, "ಬ್ಯಾಡ ಅನ್ನು" ಎಂದೆ.

ಆಮೇಲೆ ಮೂರು ತಿಂಗಳು ಇಕ್ಬಾಲನಿಗೆ ಮುಖ ತೋರಿಸಲಿಲ್ಲ. ಬೇರೆ ಗ್ಯಾರೇಜುಗಳಿಗೆ ಹೋದೆ. ಒಬ್ಬ ವೈರು ಸಿಕ್ಕಿಸಿ ಕಂಪ್ಯೂಟರು ನೋಡಿದ. ಗಾಡಿಯನ್ನು ನೋಡಲೇ ಇಲ್ಲ. ಇನ್ನೊಬ್ಬ ತಾನಾಗಿ ಕೂಗುವ ಹಾರನ್ನು ಸರಿಮಾಡುತ್ತೇನೆಂದು ಹೋಗಿ, ನಾನು ಒತ್ತಿದರೂ ಕೂಗದಂತೆ ಮಾಡಿದ. ಮತ್ತೊಬ್ಬ, "ಗುಜರಿಗಾಕಿ ತಾತ" ಎಂದ. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಅದರ ಎದೆ ಕೇಳಿದವನು ಒಬ್ಬನೂ ಇಲ್ಲ. ಹಾರನ್ನಿಲ್ಲದೆ ಬೊಂಬೆ ಅಂಗಡಿಗಳ ಮುಂದೆ ಹೋದರೆ ಯಾರೂ ಕೈಯೆತ್ತುತ್ತಿರಲಿಲ್ಲ. ರಾಮನಗರದಲ್ಲಿ ಬೈಯುವವರಿರಲಿಲ್ಲ. ಭಾಗ್ಯಳ ಗಂಡನಂಥವರು ಇನ್ನೆಷ್ಟು ಜನ ನನ್ನ ಮಾತಿಗೆ ಅವನ ಬಾಗಿಲಿಗೆ ಹೋಗದೆ ತಿರುಗಿದರೋ ಎಂದು ಏರು ಬಂದಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಜಯಮ್ಮ, "ಗಾಡಿ ಸೋರೋದು ನಿಂತೈತೆ, ನಿಮ್ ಮಕ ಸೋರ್ತಾ ಐತೆ. ಹೋಗಿ ಹೇಳ್ಬುಟ್ ಬನ್ನಿ" ಎಂದಳು. ಅವಳಿಗೆ ನಾನೇನೂ ಹೇಳಿರಲಿಲ್ಲ. ಆದರೆ ಅರಗಿನ ಕೆಂಪು ಹತ್ತಿದ ಮೇಣದಬತ್ತಿ ಅವಳದ್ದು.

ಗ್ಯಾರೇಜಿಗೆ ಹೋದಾಗ ಇಕ್ಬಾಲ್ ಯಾವುದೋ ಗಾಡಿಯ ಕೆಳಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಮುಖ ಕಾಣದಿರುವುದೇ ಅನುಕೂಲವೆಂದು ಆ ಕಾಲುಗಳಿಗೇ ಎಲ್ಲ ಹೇಳಿದೆ: ಕಡ್ಡಿ, ಕೇದಗೆ ಗರಿ, ಫೋನು, ಟೆಂಪೋ, ಎಲ್ಲ. ಗಾಡಿಯ ಕೆಳಗಿನಿಂದ ದನಿ ಬಂತು.

"ಚನ್ನಪಟ್ಟಣದೋನು ಬುಟ್ರೆ ಇನ್ಯಾವ ಊರೋನು ರೇಡಿಯೇಟರಿಗೆ ಅರಗು ಮೆತ್ತಿ ಪಾಲಿಶ್ ಬ್ಯಾರೆ ಹೊಡೀತಾನೆ? ಕೆರೆಯಾಕೇ ಮನಸ್ ಬರ್ನಿಲ್ಲ, ಅಷ್ಟು ಚಂದಾಗಿತ್ತು."

"ಗೊತ್ತಿದ್ರೆ ಅಲ್ಲೇ ಯಾಕ್ ಹೇಳ್ಲಿಲ್ಲ?"

"ನಿನ್ ಇಸ್ಕೂಲ್ ಮಕ್ಕಳ ಮುಂದೆ ನಿನ್ ಮಾನ ತೆಗೀಲಾ? ಅದು ನಿನ್ ಕೆಲ್ಸ. ನೀನೇ ಹೋಗಿ ತೆಕ್ಕೊ."

ಮಾರನೆಯ ದಿನ ಶೆಡ್ಡಿನಲ್ಲಿ ಲೇತುಗಳನ್ನು ನಿಲ್ಲಿಸಿ, ಕೈಕಟ್ಟಿ ನಿಂತು, ಇಪ್ಪತ್ತು ಮಂದಿಯ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಯಾರೂ ಬೆರಗಾಗಲಿಲ್ಲ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನೀವು ಬೇಜಾರ್ ಮಾಡ್ಕತೀರ ಅಂತ ಸುಮ್ಕಿದ್ವಿ ಮೇಷ್ಟ್ರೇ. ಬಿಸಿ ಕಂಡ್ರೆ ಅರಗು ನಿಲ್ಲಾಕಿಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ!" ಎಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು.

"ಮತ್ತೆ ಟೆಂಪೋ?"

"ಮಾರ್ನೇ ದಿನಾನೇ ಅವರತ್ರ ಕಳಿಸ್ದೆ. ಅಷ್ಟು ಮಾತ್ ಅನ್ನಿಸ್ಕೊಂಡ್ರೂ ಸುಮ್ಕೆ ರಿಪೇರಿ ಮಾಡಿ ಹೋದ್ರಲ್ಲ, ಅಂಥೋರ್ ಕೈಗಲ್ದೆ ಇನ್ಯಾರ್ ಕೈಗೆ ಗಾಡಿ ಕೊಡಾದು?"

ಅಂತೂ ಮೂರು ತಿಂಗಳು ನನ್ನ ಸುಳ್ಳನ್ನು ನಂಬಿಕೊಂಡಿದ್ದವನು ನಾನೊಬ್ಬನೇ.

ಸಂಜೆ ಗ್ಯಾರೇಜಿಗೆ ಹೋಗಿ ವರದಿ ಒಪ್ಪಿಸಿದೆ. ಇಕ್ಬಾಲ್ ಡ್ರಾಯರಿನಿಂದ ಪೇಪರಿನ ಪೊಟ್ಟಣ ತೆಗೆದು ಎಸೆದ. ಅದೇ ಕೆಂಪು ಗಟ್ಟಿ. "ತಗೊಳ್ಲೇ ಸಿದ್ದ. ಗಾಡಿಗೆ ಹಾಕ್ಲೇಬೇಕು ಅಂದ್ರೆ ಬಿಸಿ ಇಲ್ದಿರೋ ಕಡೆ ಹಾಕು. ಅದ್ರ ಗೇರಿನ ಗುಂಡು ಸವ್ದೈತೆ, ಒಂದು ಕಡ್ಕೊ." ಗುಂಡಿನ ಮಾತು ಆಮೇಲೆ, 'ಲೇ ಸಿದ್ದ' ಎಂದನಲ್ಲ, ನನಗೆ ಅಷ್ಟೇ ಕೇಳಿಸಿದ್ದು. ಹಾರನ್ನನ್ನೂ ಅವನೇ ಸರಿಮಾಡಿದ. ಈಗ ಮೊದಲಿನಂತೆ ಬಲಕ್ಕೆ ತಿರುಗಿದರೆ ತಾನಾಗಿ ಕೂಗುತ್ತದೆ.

ಗೇರುಕೋಲಿನ ತುದಿಯ ಗುಂಡನ್ನು ಆಲೆ ಮರದಲ್ಲಿ ಕಡೆದು ಆ ಅರಗನ್ನೇ ಹಚ್ಚಿದೆ. ಗೇರು ಬದಲಿಸುವಾಗಲೆಲ್ಲ ಅಂಗೈ ನನ್ನ ತಪ್ಪಿನ ಮೇಲೆ ಕೂರಲಿ, ಪಶ್ಚಾತ್ತಾಪ ಆರದಿರಲಿ ಎಂಬುದು ಉದ್ದೇಶ. ಮಾಗಡಿ ರಸ್ತೆಯ ಏರಿನಲ್ಲಿ ಪಶ್ಚಾತ್ತಾಪಕ್ಕೆ ಬಿಡುವೇ ಇಲ್ಲ. ಆದರೆ ಮೊನ್ನೆ ಪೆಟ್ರೋಲು ಬಂಕಿನಲ್ಲಿ ಯಾರೋ ಒಬ್ಬರು ಕಿಟಕಿಯಿಂದ ಬಗ್ಗಿ ಆ ಗುಂಡನ್ನು ನೋಡಿ, "ಏನ್ ಸಾರ್ ಈ ಬಣ್ಣ! ಯಾರು ಮಾಡಿದ್ದು?" ಎಂದು ಕೇಳಿದರು.

"ನಾನೇ" ಎಂದೆ, ಎದೆ ಸೆಟೆಸಿ. ಎಷ್ಟು ಸೆಟೆಸಿದೆನೆಂದರೆ, ಹೊರಡುವಾಗ ನೀರು, ಎಣ್ಣೆ, ಗಾಳಿ ನೋಡುವುದನ್ನೇ ಮರೆತೆ.